ವಾದಧರ್ಮ

ವಿದ್ವಾಂಸರ ಚರ್ಚೆಯನ್ನು ನ್ಯಾಯಶಾಸ್ತ್ರವು ಮೂರು ಬಗೆಯಾಗಿ ವಿಂಗಡಿಸುತ್ತದೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಜಯಕ್ಕಾಗಿ ನಡೆಯುವುದು ಜಲ್ಪ. ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದೇ ವಿತಂಡೆ. ಇಲ್ಲಿ ಒಂದು ಪ್ರಶ್ನೆಯುಂಟು. ಸ್ವಪಕ್ಷಕ್ಕೆ ಬಾಧಕವಾದ ಪ್ರಮಾಣವು ತನ್ನ ಕೈಗೇ ದೊರೆತರೆ ವಾದಿಯ ಕರ್ತವ್ಯವೇನು? ಮೂಲವಸ್ತುಗಳ ಉತ್ಪತ್ತಿಯನ್ನು ಕುರಿತು ಕಳೆದ ಶತಮಾನದಲ್ಲಿ ನಡೆದ ವಿವಾದವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ವಿಶ್ವವು ಆದಿಯಲ್ಲಿ ಅತ್ಯುಷ್ಣವಾಗಿದ್ದಿತೆಂದೂ, ಸಕಲ ಮೂಲವಸ್ತುಗಳೂ ಆಗಲೇ ಹುಟ್ಟಿದುವೆಂದೂ 1948ರಲ್ಲಿ ಅಮೆರಿಕೆಯ ಗ್ಯಾಮೋ ಮತ್ತು ಆಲ್ಫರ್ ಪ್ರತಿಪಾದಿಸಿದರು. ಇಂಗ್ಲೆಂಡಿನ ಫ್ರೆಡ್ ಹಾಯ್ಲ್ ಇದನ್ನೊಪ್ಪಲಿಲ್ಲ. ವಿಶ್ವಕ್ಕೆ ಆದಿಯಿಲ್ಲ, ನಕ್ಷತ್ರಗಳ ಒಡಲೇ ಮೂಲವಸ್ತುಗಳ ಕುಲುಮೆ ಎಂಬುದು ಅವರ ಪಕ್ಷ. ಗ್ಯಾಮೋ ಪಕ್ಷಕ್ಕೆ ಒಂದು ಕಂಟಕವೂ ಇದ್ದಿತು. ಐದು ಅಥವಾ ಎಂಟು ಕಣಗಳುಳ್ಳ ಸ್ಥಿರವಾದ ಪರಮಾಣುಬೀಜವೇ ಇಲ್ಲವಾದುದರಿಂದ, ನಾಲ್ಕು ಕಣಗಳ ಹೀಲಿಯಮ್ಮಿನಾಚೆಗೆ ಏರುವ ಮೆಟ್ಟಿಲು ಮುರಿದಿದೆ. ನಕ್ಷತ್ರಗರ್ಭದಲ್ಲಿ ದೀರ್ಘಕಾಲಾವಕಾಶವಿರುವುದರಿಂದ ಮೂರು ಹೀಲಿಯಂ ಬೀಜಗಳು ಕೂಡಿ ಇಂಗಾಲವಾಗುವುವು. ವೇಗವಾಗಿ ಹಿಗ್ಗಿ ತಣಿಯುತ್ತಿದ್ದ ಆದಿವಿಶ್ವದಲ್ಲಿ ಅದು ಶಕ್ಯವಿರಲಿಲ್ಲ. ನಕ್ಷತ್ರಗಳ ಈ ಪಾಕಕ್ರಮವನ್ನು ಹಾಯ್ಲ್ ಅವರು ಬರ್ಬಿಜ್ ದಂಪತಿಗಳು ಮತ್ತು ಫೌಲರ್ ಅವರೊಡಗೂಡಿ 1957ರಲ್ಲಿ ವಿಸ್ತಾರವಾಗಿ ನಿರೂಪಿಸಿದರು.

ಇಷ್ಟಕ್ಕೇ ಹಾಯ್ಲ್ ಗೆದ್ದರೆಂದು ತೋರಬಹುದು. ಆದರೆ ವಿಶ್ವದ ಸಾಮಾನ್ಯ ದ್ರವ್ಯದ ತೂಕದಲ್ಲಿ ಸುಮಾರು ಕಾಲುಭಾಗ ಹೀಲಿಯಂ ಇದೆ. ಅಷ್ಟನ್ನೂ ಸಾಮಾನ್ಯ ನಕ್ಷತ್ರಗಳೇ ಮಾಡಿರಲಾರವು. 1964ರಲ್ಲಿ ಇದನ್ನು ಟೇಲರ್ ಅವರೊಡನೆ ಲೆಕ್ಕಹಾಕಿ, ವಿಶ್ವವು ಒಮ್ಮೆ ಅತ್ಯುಷ್ಣವಾಗಿದ್ದಿರಬೇಕು, ಇಲ್ಲವೆ ಅತಿಭಾರದ ಕಾಯಗಳು ಕಾರಣವಾಗಿರಬೇಕು ಎಂದು ಪ್ರಕಟಿಸಿದವರು ಸ್ವತಃ ಹಾಯ್ಲ್! ಇಂದಿನ ಸಿದ್ಧಾಂತವು ಹೀಗಿದೆ: ಮೊದಲ ಕೆಲವು ನಿಮಿಷಗಳಲ್ಲಿ, ಉಷ್ಣತೆಯು ಸುಮಾರು 100 ಕೋಟಿ ಡಿಗ್ರಿಗೆ ಇಳಿದಾಗ, ಏಳು ಪ್ರೋಟಾನುಗಳಿಗೆ ಒಂದು ನ್ಯೂಟ್ರಾನು ಉಳಿದಿದ್ದಿತು. ಹದಿನಾರು ಕಣಗಳಲ್ಲಿ ಎರಡು ನ್ಯೂಟ್ರಾನುಗಳೂ ಎರಡು ಪ್ರೋಟಾನುಗಳೂ ಸೇರಿ ಒಂದು ಹೀಲಿಯಂ ಬೀಜವಾಯಿತು. ಮಿಕ್ಕ ಹನ್ನೆರಡು ಜಲಜನಕವಾಗಿ ಉಳಿದುವು. ಕಾಲುಭಾಗದ ಲೆಕ್ಕವು ಇದೇ. ಇವುಗಳೊಡನೆ ಲಿಥಿಯಂ ಮೊದಲಾದುವು ಲೇಶಮಾತ್ರ ಹುಟ್ಟಿದುವು.

ಆದರೂ ಹಾಯ್ಲ್ 2001ರಲ್ಲಿ ಕಾಲವಾಗುವವರೆಗೆ ಪ್ರತಿಪಕ್ಷವನ್ನು ಅಂಗೀಕರಿಸಲಿಲ್ಲ. ಹಾಗಾದರೆ ಇದು ಹಠವಲ್ಲವೆ ಎಂದು ಶಂಕಿಸಬಹುದು. ಹಠವೇ ಇರಲಿ; ಮತವನ್ನು ಬಿಡದಿರುವುದು ಬೇರೆ, ಪ್ರಮಾಣವನ್ನು ಬಚ್ಚಿಡುವುದು ಬೇರೆ. ಮೊದಲನೆಯದರಿಂದ ವಾದಿಯೊಬ್ಬನಿಗೇ ಹಾನಿ; ಎರಡನೆಯದರಿಂದ ಲೋಕದ ಜ್ಞಾನಕ್ಕೇ ಹಾನಿ. ಮೊದಲನೆಯದು ಪ್ರಮಾದ, ಎರಡನೆಯದು ಅಧರ್ಮ.

ಕೊನೆಗೆ ಸತ್ಯವು ಇಬ್ಬರಲ್ಲಿಯೂ ಹಂಚಿಕೊಂಡಿತು. ಒಂದು ಹನಿ ನೀರಿನಲ್ಲಿರುವ ಜಲಜನಕವು ಗ್ಯಾಮೋ ಹೇಳಿದ ಆದಿಕಾಲದ್ದು. ಆಮ್ಲಜನಕವು ಹಾಯ್ಲ್ ಹೇಳಿದ ನಕ್ಷತ್ರಗಳದ್ದು. ಎದುರಾಳಿಗೆ ಅನುಕೂಲವಾದ ಮಾತನ್ನು ತಾನೇ ಮುಂದಿಡಬಲ್ಲವನು ಸೋತರೂ ವಾದಿಯೇ. ಅದನ್ನು ನುಂಗಿಕೊಂಡವನು ಗೆದ್ದರೂ ಜಲ್ಪಕನೇ.