ಎಲೀಯನ ಬಳಲಿಕೆ



ಇಂದಿನ ಮೊದಲನೆಯ ವಾಚನದಲ್ಲಿ ಪ್ರವಾದಿ ಎಲೀಯ ಬೆಂಗಾಡಿನ ಒಂದು ಗಿಡದಡಿ ಕೂತು, ಇನ್ನು ಬದುಕಿದ್ದು ಸಾಕು ಎಂದು ಸಾವನ್ನೇ ಬೇಡಿಕೊಂಡದ್ದನ್ನು ಕೇಳಿದಿರಿ. ಈತನೇನು ಅಲ್ಪವಿಶ್ವಾಸಿಯಲ್ಲ. ಹಿಂದಿನ ಅಧ್ಯಾಯದಲ್ಲಷ್ಟೇ ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ದೇವತೆಯ 450 ಪ್ರವಾದಿಗಳೆದುರು ಒಬ್ಬನೇ ನಿಂತು ಗೆದ್ದವನು. ಅಂಥವನೇ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಕುಸಿದುಬಿದ್ದ. ಹಾಗಿರುವಾಗ ಖಿನ್ನತೆಯಿಂದ ನರಳುವವರನ್ನು ನೋಡಿ, "ವಿಶ್ವಾಸ ಸಾಲದು, ಅದಕ್ಕೇ ಹೀಗಾಗಿದೆ" ಎನ್ನುವ ಮಾತು ಬೈಬಲ್ ಓದಿದವರ ಬಾಯಲ್ಲಿ ಬರಬಾರದು.

ದೇವದೂತ ಬಂದ. ಬೋಧನೆ ಮಾಡಲಿಲ್ಲ. ಮೈಮುಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು, ಕುಡಿದು, ಮತ್ತೆ ಮಲಗಿಯೇಬಿಟ್ಟ. ದೂತ ಬೇಸರ ಮಾಡಿಕೊಳ್ಳದೆ ಎರಡನೇ ಸಲವೂ ಬಂದು ಊಟಕ್ಕೆ ಎಬ್ಬಿಸಿದ.

ವಾಚನ ಇದರ ಬೆನ್ನಲ್ಲೇ ಮುಗಿಯುತ್ತದೆ. ಮನೆಗೆ ಹೋಗಿ ಅರಸುಗಳ ಮೊದಲನೆಯ ಗ್ರಂಥದ ಈ 19ನೇ ಅಧ್ಯಾಯವನ್ನು ಪೂರ್ತಿ ಓದಿ. ಹೋರೇಬ್ ಬೆಟ್ಟದ ಗವಿಯಲ್ಲಿ ದೇವರು ಎಲೀಯನನ್ನು, ಇಲ್ಲೇನು ಮಾಡುತ್ತಿದ್ದೀ ಎಂದು ಕೇಳುತ್ತಾರೆ. ಅವನು ಸಂಕಟವನ್ನೆಲ್ಲ ತೋಡಿಕೊಳ್ಳುತ್ತಾನೆ. ತಾನೊಬ್ಬನೇ ಉಳಿದಿದ್ದೇನೆ ಎನ್ನುತ್ತಾನೆ. ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲ ಬಂದುಹೋದ ಮೇಲೆ ದೇವರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಅವನದು ಮತ್ತೆ ಅದೇ ಉತ್ತರ. ಅಷ್ಟು ದೊಡ್ಡ ದರ್ಶನವೂ ಅವನ ಮನಸ್ಸನ್ನು ಒಂದೇ ಏಟಿಗೆ ಸರಿಮಾಡಲಿಲ್ಲ. (ಒಂದು ಧ್ಯಾನಕೂಟಕ್ಕೆ ಕಳಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.) ದೇವರು ಗದರಿಸದೆ ಅವನಿಗೆ ಮಾಡಲು ಕೆಲಸ ಕೊಟ್ಟರು, ಜೊತೆಗಾರನಾಗಿ ಎಲೀಷನನ್ನು ಕೊಟ್ಟರು. ಬಾಳನಿಗೆ ಮೊಣಕಾಲೂರದ 7,000 ಜನ ಇನ್ನೂ ಇದ್ದಾರೆ ಎಂದೂ ತಿಳಿಸಿದರು. ಒಬ್ಬನೇ ಎಂದು ಅವನಿಗೆ ಅನ್ನಿಸಿದ್ದು ಬಳಲಿದ ಮನಸ್ಸಿನ ಲೆಕ್ಕ. ಇಂದು ಒಳ್ಳೆಯ ಆಪ್ತಸಮಾಲೋಚಕರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನಿದ್ದೆ, ಊಟ ವಿಚಾರಿಸುತ್ತಾರೆ, ಹೇಳಿದ್ದನ್ನೇ ಹೇಳಿದರೂ ಕೇಳಿಸಿಕೊಳ್ಳುತ್ತಾರೆ, ಮನಸ್ಸು ಹಾಕಿದ ತಪ್ಪು ಲೆಕ್ಕವನ್ನು ನಮ್ಮಿಂದಲೇ ತಿದ್ದಿಸುತ್ತಾರೆ.

ಅಂಥ ಸಮಾಲೋಚಕರ, ವೈದ್ಯರ ಮುಂದೆ ನಿಮ್ಮ ವಿಶ್ವಾಸವನ್ನು ಮುಚ್ಚಿಡಬೇಡಿ. ಜಪಸರ ಹಿಡಿದಾಗ ಎದೆಬಡಿತ ತಗ್ಗುತ್ತದೆಯೇ? ಹೇಳಿ. ದೇವರು ಕೈಬಿಟ್ಟರು ಅನ್ನಿಸಿ ಪ್ರಾರ್ಥನೆಯೇ ಬರುತ್ತಿಲ್ಲವೇ? ಅದನ್ನೂ ಹೇಳಿ. ವೈದ್ಯರು ಯಾವ ಧರ್ಮದವರೇ ಆಗಿರಲಿ, ನಿಮಗೆ ಬಲ ಕೊಡುವುದೇನು, ನಿಮ್ಮನ್ನು ಚುಚ್ಚುವುದೇನು ಎಂದು ತಿಳಿಯದೆ ಚಿಕಿತ್ಸೆ ಅರ್ಧವೇ ಆಗುತ್ತದೆ.

ಚುಚ್ಚುವುದು ಎಂದೆ, ಏಕೆಂದರೆ ಪ್ರಾರ್ಥನೆಗೂ ಕಾಯಿಲೆ ಅಂಟಿಕೊಳ್ಳುತ್ತದೆ. ಒಂದು 'ನಮೋ ಮರಿಯಾ' ಹೇಳುವಾಗ ಗಮನ ತಪ್ಪಿತೆಂದು ಇಡೀ ಜಪಸರವನ್ನು ಮೊದಲಿನಿಂದ ಶುರುಮಾಡುವವರಿದ್ದಾರೆ. ನಡುರಾತ್ರಿಯಾದರೂ ಅದು ಮುಗಿಯುವುದಿಲ್ಲ. ನಿವೇದಿಸಿದ ಪಾಪವನ್ನೇ ವಾರದೊಳಗೆ ಮತ್ತೆ ಮತ್ತೆ ನಿವೇದಿಸಲು ಬರುವವರೂ ಇದ್ದಾರೆ. ಸಂತ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿದ್ದಾಗ ಇದೇ ಕಾಟದಲ್ಲಿ ಸಿಕ್ಕಿದ್ದರು. ಪಾಪಗಳನ್ನೆಲ್ಲ ಬರೆದೇ ನಿವೇದಿಸಿದ್ದರೂ ಸಂಶಯ ಬಿಡಲಿಲ್ಲ. ತಮ್ಮ ಕೋಣೆಯಲ್ಲಿದ್ದ ಗುಂಡಿಗೆ ಹಾರಿ ಪ್ರಾಣ ಬಿಡುವ ಯೋಚನೆಯೂ ಅವರನ್ನು ಕಾಡಿತು. ಇಂದು ಮನೋವೈದ್ಯರು ಇಂಥ ಸಂಶಯದ ಕಾಟವನ್ನು ಗೀಳುರೋಗದ ಒಂದು ಬಗೆಯೆಂದು ಗುರುತಿಸುತ್ತಾರೆ. ಸಂಶಯ ಬಂದರೆ ಬರಲಿ, ಜಪವನ್ನು ಮಾತ್ರ ಮತ್ತೆ ಮಾಡಬೇಡಿ ಎಂದು ಅಭ್ಯಾಸ ಮಾಡಿಸುತ್ತಾರೆ. ಆ ಹೊತ್ತಿನಲ್ಲಿ ಗುರುಗಳಾದ ನಾವು, "ಬಾರಪ್ಪ, ನೆಮ್ಮದಿಗೆ ಇನ್ನೊಮ್ಮೆ ಪಾಪನಿವೇದನೆ ಮಾಡು" ಎಂದರೆ ವೈದ್ಯರು ಮಾಡಿದ್ದೆಲ್ಲ ನೀರುಪಾಲು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾರಿಗೂ, ವೈದ್ಯರಿಗೂ, ಹೇಳುವಂತಿಲ್ಲ. ಆದರೆ ರೋಗಿಯೇ ಹೊರಗೆ ಬಂದು ಒಪ್ಪಿಗೆ ಕೊಟ್ಟರೆ ವೈದ್ಯರೂ ಗುರುಗಳೂ ಕೂತು ಮಾತಾಡಿ ಒಂದೇ ಮಾತು ಹೇಳಬಹುದು. ವಿಶ್ವಾಸವನ್ನು ಚಿಕಿತ್ಸೆಯೊಳಗೆ ತರುವುದೆಂದರೆ ನನ್ನ ಮಟ್ಟಿಗೆ ಇದು.

ಪ್ರಾರ್ಥನಾಕೂಟದಲ್ಲಿ ಯಾರೋ ಹೇಳಿದರೆಂದು ಗುಳಿಗೆ ನಿಲ್ಲಿಸುವುದು ಇದಕ್ಕೆ ತೀರ ವಿರುದ್ಧ. ವೈದ್ಯನನ್ನೂ ಮದ್ದನ್ನೂ ಸೃಷ್ಟಿಸಿದ್ದು ದೇವರೇ ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಹೇಳುತ್ತದೆ. 1992ರಲ್ಲಿ ಧರ್ಮಸಭೆ ಹೊರತಂದ ಕಥೋಲಿಕ ಧರ್ಮೋಪದೇಶ ಗ್ರಂಥವೂ ಮಾನಸಿಕ ಕಾಯಿಲೆಯನ್ನು ನೋಡಿಕೊಳ್ಳುವುದು ವೈದ್ಯಶಾಸ್ತ್ರದ ಕೆಲಸ ಎನ್ನುತ್ತದೆ; ದೆವ್ವ ಬಿಡಿಸುವ ವಿಧಿಗೆ ಮುಂಚೆ ಅದು ಕಾಯಿಲೆಯಲ್ಲ ಎಂದು ಖಚಿತಪಡಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಗುಳಿಗೆ ಕಡಿಮೆ ಮಾಡಬೇಕೆನಿಸಿದರೆ ಕೊಟ್ಟ ವೈದ್ಯರನ್ನೇ ಕೇಳಿ.

ಉಳಿದದ್ದು ನಮ್ಮ ಪಾಲಿನ ಕೆಲಸ. ನೆರೆಮನೆಯಲ್ಲಿ ಜ್ವರವೆಂದರೆ ಗಂಜಿ ಒಯ್ಯುತ್ತೇವೆ, ಮನಸ್ಸು ಕೆಟ್ಟಿದೆಯೆಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಆ ಮನೆಗೆ ಬಿಸಿ ಅಡುಗೆ ಒಯ್ದು ಕೊಡಿ. ಉಪದೇಶ ಬೇಡ, ಸುಮ್ಮನೆ ಒಂದು ಗಳಿಗೆ ಕೂತು ಬನ್ನಿ. ತಾಯಿ ಆಸ್ಪತ್ರೆಗೆ ಹೋಗುವ ದಿನ ಮಕ್ಕಳನ್ನು ನೋಡಿಕೊಳ್ಳಿ. ಸಾಯುವ ಮಾತು ಯಾರಾದರೂ ಆಡಿದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬಲಿಪೂಜೆ ಮುಗಿದ ಕೂಡಲೇ ಆ ಸಂಖ್ಯೆಯನ್ನು ನಿಮ್ಮ ಫೋನಿನಲ್ಲಿ ಹಾಕಿಕೊಳ್ಳಿ. ಆಸ್ಪತ್ರೆಗೆ ಒಬ್ಬರೇ ಹೋಗಲು ಅಂಜುವವರು ನನಗೆ ತಿಳಿಸಿ, ನಾನೇ ಜೊತೆಗೆ ಬರುತ್ತೇನೆ.