ಬೆಂಕಿಯೋ, ಬರೀ ಬಿಸಿಯೋ?

ವಾಕ್ಯಭಾಗ: 1 ಅರಸುಗಳು 19:1-8

ಇವತ್ತು ನಿಮ್ಮ ಬ್ಯಾಗಿನಲ್ಲಿರುವ ಲ್ಯಾಪ್‌ಟಾಪಿನಿಂದಲೇ ಶುರು ಮಾಡ್ತೇನೆ.

ಏಪ್ರಿಲ್-ಮೇಯಲ್ಲಿ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೆಕೆ ಹೇಗಿರ್ತದೆ ಅಂತ ನಾನು ಹೇಳ್ಬೇಕಾ? ಆ ಸೆಕೆಯಲ್ಲಿ ಮಿಜಾರಿನ ಹಾಸ್ಟೆಲ್‌ನಲ್ಲಿ ಒಬ್ಬರ ಪ್ರಾಜೆಕ್ಟ್, ಬಿ.ಸಿ.ರೋಡಿನ ಮನೆಯಲ್ಲಿ ಇನ್ನೊಬ್ಬರ ವರ್ಕ್ ಫ್ರಮ್ ಹೋಮ್. ಕುಳಿತದ್ದು ಹಾಸಿಗೆಯಲ್ಲಿ, ಲ್ಯಾಪ್‌ಟಾಪ್ ಇಟ್ಟದ್ದು ತಲೆದಿಂಬಿನ ಮೇಲೆ. ಸ್ವಲ್ಪ ಹೊತ್ತಿಗೆ ಫ್ಯಾನ್ ಬೊಬ್ಬೆ ಹಾಕ್ತದೆ, ಎಲ್ಲ ನಿಧಾನ ಆಗ್ತದೆ, ಕೊನೆಗೆ ತಾನಾಗಿ ಆಫ್. "ಹಾಳಾಯ್ತು" ಅಂತೀರಿ.

ಹೆಚ್ಚಿನ ಸಲ ಹಾಳಾಗಿರುವುದಿಲ್ಲ. ಪ್ರೊಸೆಸರಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ತದೆ. ಅದೂ ಸಾಲದಿದ್ದರೆ, ಸುಟ್ಟುಹೋಗುವ ಮೊದಲೇ ಬಂದ್ ಆಗ್ತದೆ. ಮಾಡಿದವರು ಅದನ್ನು ಹಾಗೆಯೇ ಮಾಡಿದ್ದಾರೆ. ಕೆಲಸ ಮಾಡಿದರೆ ಬಿಸಿ ಆಗಿಯೇ ಆಗ್ತದೆ, ಆ ಬಿಸಿ ಹೊರಗೆ ಹೋಗಲು ದಾರಿ ಬೇಕು. ಕೆಳಗೆ ದಿಂಬು, ಫ್ಯಾನಿನಲ್ಲಿ ಹೆದ್ದಾರಿಯ ಧೂಳು, ಪ್ರೊಸೆಸರಿನ ಮೇಲೆ ಒಣಗಿದ ಪೇಸ್ಟ್ ಇದ್ದರೆ ಎಲ್ಲಿಂದ ಹೋಗ್ತದೆ? ಗಟ್ಟಿ ಮೇಜಿನ ಮೇಲಿಡಿ, ಧೂಳು ತೆಗೆಸಿ, ಪೇಸ್ಟ್ ಬದಲಾಯಿಸಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಬಳಸಲೇಬೇಡಿ, ಅಂಗಡಿಗೆ ಒಯ್ಯಿರಿ.

ಈಗ ಎಲೀಯನನ್ನು ನೋಡಿ. 18ನೇ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಯಿತು. 19ನೇ ಅಧ್ಯಾಯದಲ್ಲಿ ಅದೇ ಮನುಷ್ಯ ಗಿಡದ ಕೆಳಗೆ ಕುಳಿತು ಸಾವು ಬೇಡ್ತಾನೆ. ದೇವರು ಗದರಿಸಿದರಾ? ಇಲ್ಲ. ಮಲಗಲು ಬಿಟ್ಟರು. ದೂತನು ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಪುನಃ ಮಲಗಿದ, ಪುನಃ ಊಟ. ಆಮೇಲೆ 40 ದಿನದ ಪ್ರಯಾಣ, ಹೋರೇಬಿನಲ್ಲಿ ಕರ್ತನ ಸ್ವರ. ನಿದ್ದೆ ಮೊದಲು ಬಂತು, ದರ್ಶನ ಆಮೇಲೆ. ಹಲ್ಲೆಲೂಯ!

ನಾವು ಪೆಂತೆಕೋಸ್ತಿನವರು, ಬೆಂಕಿಗಾಗಿ ಪ್ರಾರ್ಥಿಸ್ತೇವೆ. ಪ್ರಾರ್ಥಿಸಲೇಬೇಕು. ಆದರೆ ವಿಮೋಚನಕಾಂಡ 3ರಲ್ಲಿ ಪೊದೆ ಉರಿಯುತ್ತಿತ್ತು, ಸುಟ್ಟು ಬೂದಿಯಾಗಲಿಲ್ಲ. ದೇವರ ಬೆಂಕಿಯ ಗುರುತು ಅದು. ವಾರವಿಡೀ ನೈಟ್ ಶಿಫ್ಟ್, ಶುಕ್ರವಾರ ಉಪವಾಸ ಪ್ರಾರ್ಥನೆ, ಭಾನುವಾರ ಬೆಳಗ್ಗೆ ಕೀಬೋರ್ಡ್, ಮಧ್ಯಾಹ್ನ ಅಮ್ಮನ ಮೇಲೆ ರೇಗಾಟ. ಒಳಗೆ ಬೂದಿಯಾಗುತ್ತಿದ್ದರೆ ಅದನ್ನು ಅಭಿಷೇಕ ಅಂತ ಕರೀಬೇಡಿ, ಅದು ಬರೀ ಬಿಸಿ. ಕೆಲವರು ಸದ್ದಿಲ್ಲದೆ ಸಭೆಗೆ ಬರುವುದನ್ನೇ ನಿಲ್ಲಿಸ್ತಾರೆ. "ಹಿಂಜಾರಿದ" ಅಂತ ನಾವು ಸುಲಭವಾಗಿ ಹೇಳಿಬಿಡ್ತೇವೆ. ಅವನ ದಿಂಬು ತೆಗೆಯಲು ಯಾರಾದರೂ ಹೋದೆವಾ?

ಈ ವಾರ ಮೂರು ಕೆಲಸ ಮಾಡಿ. ಒಂದು, ರಾತ್ರಿ ನಿದ್ದೆ ಮಾಡಿ. ಕಾಯುವಾತನು ತೂಕಡಿಸುವುದಿಲ್ಲ, ನೀವು ಮಲಗಬಹುದು. ಎರಡು, ಮನಸ್ಸಿನ ಬಿಸಿಯನ್ನು ದೇವರ ಮುಂದೆಯೂ ಒಬ್ಬ ನಂಬಿಗಸ್ತರ ಮುಂದೆಯೂ ಹೊರಗೆ ಬಿಡಿ. ಎಲೀಯನ ಹಾಗೆ ಸಾವಿನ ಯೋಚನೆ ಬರುತ್ತಿದ್ದರೆ ಇವತ್ತೇ ಹೇಳಿ, ಡಾಕ್ಟರ ಹತ್ತಿರ ಹೋಗಿ. ಅದು ಅವಿಶ್ವಾಸ ಅಲ್ಲ, ದೂತನು ತಂದ ರೊಟ್ಟಿ. ಮೂರು, ಹಿರಿಯರೇ, ಇದು ನಮಗೆ: ಒಬ್ಬನ ಹೆಗಲಿಗೇ ಎಲ್ಲ ಸೇವೆ ಹೊರಿಸುವುದು ಬೇಡ.

ಕಣ್ಣು ಮುಚ್ಚೋಣ. ಕರ್ತನೇ, ದಣಿದ ಈ ಮಕ್ಕಳನ್ನು ಮುಟ್ಟು. ಬೂದಿ ಮಾಡದ ನಿನ್ನ ಬೆಂಕಿಯನ್ನು ಕೊಡು. ಯೇಸುವಿನ ನಾಮದಲ್ಲಿ, ಆಮೆನ್.