ಸುನ್ನತಿಯೂ ರೋಗನಿವಾರಣೆಯೂ

ಯೆಹೂದ್ಯರಲ್ಲಿಯೂ ಮುಸಲ್ಮಾನರಲ್ಲಿಯೂ ಸುನ್ನತಿಯು ಧರ್ಮಾಚಾರವಾಗಿ ಬಂದುದು. ಆ ಆಚಾರದ ಗುಣದೋಷಗಳು ಆಯಾ ಶ್ರದ್ಧೆಗೆ ಸೇರಿದ ಮಾತಾದುದರಿಂದ ಇಲ್ಲಿ ಪ್ರಸ್ತುತವಲ್ಲ. ಆದರೆ ಅದೇ ಶಸ್ತ್ರಕ್ರಿಯೆಯು ವೈದ್ಯನ ಕೈಗೆ ಬಂದು, ಇದು ರೋಗವನ್ನು ತಡೆಯುವುದೆಂಬ ಹೇಳಿಕೆಯೊಡನೆ ನಿಂತಾಗ, ಶ್ರದ್ಧೆಯ ಮಾತು ಮುಗಿದು ಪ್ರಮಾಣದ ಮಾತು ಮೊದಲಾಗುತ್ತದೆ.

ಈ ಹೇಳಿಕೆಯ ಚರಿತ್ರೆಯು ಸಂಶಯಕ್ಕೆ ಎಡೆಗೊಡುವಂತಹುದೇ ಸರಿ. 1855ರಲ್ಲಿ ಲಂಡನ್ನಿನ ಜಾನಥನ್ ಹಚಿನ್ಸನ್ ಎಂಬ ವೈದ್ಯನು ಯೆಹೂದ್ಯರಲ್ಲಿ ಫರಂಗಿರೋಗವು ಕಡಮೆಯೆಂದು ಕಂಡು, ಅದನ್ನು ಸುನ್ನತಿಯ ಫಲವೆಂದು ಬಗೆದನು. ಅವರ ಕುಟುಂಬಜೀವನದ ಕಟ್ಟುಪಾಡುಗಳನ್ನು ಬೇರ್ಪಡಿಸಿ ತೂಗಿ ನೋಡುವ ಸಾಧನವು ಆತನಲ್ಲಿರಲಿಲ್ಲ. 1870ರಲ್ಲಿ ನ್ಯೂಯಾರ್ಕಿನ ಲೂಯಿಸ್ ಸೇಯರ್ ಬಾಲಕರ ಕಾಲುಗಳ ದೌರ್ಬಲ್ಯಕ್ಕೂ ಇದನ್ನೇ ಚಿಕಿತ್ಸೆಯೆಂದು ಸಾರಿದನು. ಒಂದು ಕಾರಣವು ಬಿದ್ದುಹೋದಾಗಲೆಲ್ಲ ಇನ್ನೊಂದು ಹುಟ್ಟಿತು. ಕತ್ತಿ ಮಾತ್ರ ಕೆಳಗಿಳಿಯಲಿಲ್ಲ.

ಆದರೂ ಹಿಂದಿನವರು ತಪ್ಪಿದರೆಂಬ ಮಾತ್ರಕ್ಕೆ ಇಂದಿನವರ ಮಾತು ಸುಳ್ಳಾಗದು. ಏಡ್ಸ್ ರೋಗದ ವಿಷಯದಲ್ಲಿ ಆಫ್ರಿಕಾ ಖಂಡದಲ್ಲಿ ಮೂರು ದೊಡ್ಡ ಪರೀಕ್ಷೆಗಳು ನಡೆದವು. ದಕ್ಷಿಣ ಆಫ್ರಿಕದ ಆರೆಂಜ್ ಫಾರ್ಮಿನ ಫಲವು 2005ರಲ್ಲಿಯೂ, ಕೀನ್ಯದ ಕಿಸುಮು ಮತ್ತು ಉಗಾಂಡದ ರಕಾಯ್ ಪ್ರದೇಶಗಳ ಫಲವು 2007ರಲ್ಲಿಯೂ ಪ್ರಕಟವಾದವು. ಮೊದಲನೆಯದರಲ್ಲಿ 3,274 ಮಂದಿ ಪುರುಷರನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿದ್ದರು. ಸುನ್ನತಿಯ ಪಂಗಡದಲ್ಲಿ 20 ಮಂದಿಗೂ ಇನ್ನೊಂದರಲ್ಲಿ 49 ಮಂದಿಗೂ ಸೋಂಕು ತಗಲಿತು. ಇದನ್ನು ಹುರುಳಿಲ್ಲದ ಪ್ರಮಾಣವೆನ್ನುವುದು ಅನ್ಯಾಯ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದರ ಆಧಾರದಿಂದಲೇ ಶಿಫಾರಸು ಮಾಡಿತು. ಆದರೆ ‘ಶೇಕಡ 60 ರಕ್ಷಣೆ’ ಎಂದು ಕಿವಿಗೆ ಬೀಳುವ ಮಾತಿನ ಅರ್ಥವಿಷ್ಟೆ: ಆ ಅವಧಿಯಲ್ಲಿ ನೂರಕ್ಕೆ ಸುಮಾರು ಮೂವರಿಗೆ ತಗಲುತ್ತಿದ್ದುದು ಒಬ್ಬನ ಆಸುಪಾಸಿಗೆ ಇಳಿಯಿತು. ಮೂರು ಪರೀಕ್ಷೆಗಳನ್ನೂ ನಿಯತಕಾಲಕ್ಕೆ ಮುಂಚೆಯೇ ನಿಲ್ಲಿಸಲಾಯಿತು. ಹಾಗೆ ನಿಂತ ಪರೀಕ್ಷೆಗಳು ಫಲವನ್ನು ಹಿಗ್ಗಿಸಿ ತೋರಿಸುವುದುಂಟು.

ಹೆಂಡತಿಯರ ಗತಿಯೇನು? ರಕಾಯಿಯಲ್ಲಿಯೇ, ಮೊದಲೇ ಸೋಂಕುಳ್ಳ ಪುರುಷರ ಮೇಲೆ ನಡೆದ ಪರೀಕ್ಷೆಯು 2009ರಲ್ಲಿ ಪ್ರಕಟವಾಯಿತು. ಸುನ್ನತಿಯಾದವರ ಸಂಗಾತಿಗಳಲ್ಲಿ ಶೇಕಡ 18, ಆಗದವರ ಸಂಗಾತಿಗಳಲ್ಲಿ ಶೇಕಡ 12 ಮಂದಿಗೆ ಸೋಂಕು ತಗಲಿತ್ತು. ಅಂತರವು ಆಕಸ್ಮಿಕವಾಗಿರಬಹುದು, ಸ್ತ್ರೀಗೆ ರಕ್ಷಣೆ ದೊರೆಯಿತೆಂದು ಮಾತ್ರ ಯಾರೂ ಹೇಳಲಾರರು. ತನಗೆ ಕವಚ ದೊರೆಯಿತೆಂದು ನಂಬಿದ ಗಂಡನು ನಿರೋಧವನ್ನು ತೊರೆದರೆ ಅದರ ಬೆಲೆಯನ್ನು ತೆರುವವಳು ಅವಳೇ.

ಇನ್ನೂ ಕಠಿನವಾದುದು ಶಿಶುವಿನ ಪ್ರಶ್ನೆ. ಪರೀಕ್ಷೆಗೆ ಒಳಗಾದವರು ತಿಳಿದು ಒಪ್ಪಿದ ಪ್ರಾಯಸ್ಥರು. ಅವರಿಂದ ದೊರೆತ ಫಲವನ್ನು ತೊಟ್ಟಿಲ ಕೂಸಿಗೆ ಅನ್ವಯಿಸುವವರು ದೇವಿ ಹಾಕಿಸುವುದನ್ನು ದೃಷ್ಟಾಂತವಾಗಿ ಕೊಡುವುದುಂಟು. ದೃಷ್ಟಾಂತವು ಹೊಂದುವುದಿಲ್ಲ. ಸಿಡುಬು ತೊಟ್ಟಿಲಿಗೇ ಬರುತ್ತಿತ್ತು. ದೇವಿ ಹಾಕಿದರೆ ಅಂಗದಲ್ಲಿ ಯಾವ ಭಾಗವೂ ಕಳೆಯುತ್ತಿರಲಿಲ್ಲ. ಸಂಭೋಗದಿಂದ ಹರಡುವ ಸೋಂಕಾದರೋ ಆ ಕೂಸನ್ನು ಎದುರಿಸುವುದು ಅವನು ಬೆಳೆದ ಮೇಲೆ. ಅಮೆರಿಕದ ಶಿಶುವೈದ್ಯರ ಸಂಘವು 2012ರಲ್ಲಿ ಲಾಭವೇ ಅಪಾಯಕ್ಕಿಂತ ಅಧಿಕವೆಂದು ಹೇಳಿಯೂ ಎಲ್ಲ ಶಿಶುಗಳಿಗೂ ವಿಧಿಸಲು ಒಪ್ಪದೆ ತಾಯಿತಂದೆಗಳ ವಿವೇಚನೆಗೆ ಬಿಟ್ಟಿತು. ಹಾಲೆಂಡಿನ ವೈದ್ಯರ ಸಂಘವು ಅದಕ್ಕಿಂತ ಎರಡು ವರ್ಷ ಮೊದಲೇ, ಹುಡುಗನು ತಾನೇ ನಿರ್ಧರಿಸಬಲ್ಲ ವಯಸ್ಸಿನವರೆಗೆ ಕಾಯುವುದು ಲೇಸೆಂದಿತ್ತು.